ಹಳೇ ಕಾರಿನ ಪಾರ್ಟ್: ಗಾಡಿಯ ಜೊತೆ ಬಂದದ್ದು ಯಾವುದು, ಆಮೇಲೆ ಅಚ್ಚು ಹೊಯ್ದದ್ದು ಯಾವುದು

ಬೆಂಗಳೂರಿನ ಜೆಸಿ ರಸ್ತೆಯ ಕೌಂಟರಿನಲ್ಲಿ ಹಳೇ ಅಂಬಾಸಿಡರ್ ಗಾಡಿಗೆ ಕಟೌಟ್ (ಡೈನಮೋದಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪಾರ್ಟ್) ಕೇಳಿದರೆ ಮೊದಲು ಬರುವ ಪ್ರಶ್ನೆ, "ಒರಿಜಿನಲ್ ಬೇಕಾ, ಲೋಕಲ್ ಸಾಕಾ?" ಒರಿಜಿನಲ್ ಎಂಬ ಆ ಒಂದು ಮಾತಿನೊಳಗೆ ನಾಲ್ಕು ಬಗೆಯ ಸರಕು ಸೇರಿಕೊಂಡಿದೆ. ಕಾರ್ಖಾನೆಯಿಂದ ಗಾಡಿಯ ಜೊತೆಯಲ್ಲೇ ಬಂದದ್ದು ಒಂದು. ಅದೇ ಕಂಪನಿ ಅದೇ ಕಾಲದಲ್ಲಿ ಸರ್ವಿಸಿಗೆಂದು ಮಾಡಿ, ಯಾವುದೋ ಅಂಗಡಿಯ ಅಟ್ಟದಲ್ಲಿ ಬಳಸದೆ ಉಳಿದ ಹಳೇ ಸ್ಟಾಕ್ ಇನ್ನೊಂದು. ಆ ಕಾಲದಲ್ಲೇ ಬೇರೆ ಕಂಪನಿ ಮಾಡಿ ಮಾರಿದ ಬದಲಿ ಪಾರ್ಟ್ ಮೂರನೆಯದು. ಇತ್ತೀಚೆಗೆ ಅಚ್ಚು ತೆಗೆದು ಮಾಡಿದ ನಕಲು ನಾಲ್ಕನೆಯದು. ಮಾರುವವನ ಬಾಯಲ್ಲಿ ನಾಲ್ಕೂ ಒರಿಜಿನಲ್ಲೇ. ಕೈಯಲ್ಲಿರುವುದು ಯಾವ ಬಗೆ ಎಂದು ತಿಳಿಯಬೇಕಾದವರು ಕೊಳ್ಳುವವರು.

ನಮ್ಮ ದೇಶದ ಗಾಡಿಗಳ ಮಟ್ಟಿಗೆ ಇಲ್ಲಿ ಇನ್ನೊಂದು ತೊಡಕಿದೆ. ಗಾಡಿಯ ಎಲೆಕ್ಟ್ರಿಕಲ್ ಪಾರ್ಟ್ ಮಾಡುವ ಲ್ಯೂಕಾಸ್-ಟಿವಿಎಸ್ 1960ರ ದಶಕದ ಆರಂಭದಲ್ಲಿ ಮದ್ರಾಸಿನ ಪಾಡಿಯಲ್ಲಿ ಶುರುವಾಯಿತು. ಬ್ರೇಕ್ಸ್ ಇಂಡಿಯಾ ಕೂಡ ಅದೇ ಸುಮಾರಿನದು. 1951ರಲ್ಲಿ ಹುಟ್ಟಿದ, ಪ್ಲಗ್ಗು ಮಾಡುವ ಮೈಕೋ ನಮ್ಮ ಆಡುಗೋಡಿಯಲ್ಲೇ ಇತ್ತು. ಹಾಗಾಗಿ 1968ರ ಅಂಬಾಸಿಡರಿಗೆ ಲ್ಯೂಕಾಸ್-ಟಿವಿಎಸ್ ಡೈನಮೋ, ಮೈಕೋ ಪ್ಲಗ್ಗು ಒರಿಜಿನಲ್ ಆಗಿರುವ ಸಾಧ್ಯತೆಯೇ ಹೆಚ್ಚು. "ಮೇಡ್ ಇನ್ ಇಂಗ್ಲೆಂಡ್" ಎಂದು ಬರೆದ ಹೊಳೆಯುವ ಪೆಟ್ಟಿಗೆ ತರಿಸಿ, ಗಾಡಿಯಲ್ಲಿದ್ದ ಮದ್ರಾಸಿನ ಪಾರ್ಟನ್ನು ಗುಜರಿಗೆ ಹಾಕಿದರೆ ಒರಿಜಿನಲ್ ತೆಗೆದು ನಕಲು ಕೂರಿಸಿದ ಹಾಗೆ. ನಮ್ಮೂರಿನ ಗಾಡಿಗಳಿಗೆ ಈ ಅನ್ಯಾಯ ಬಹಳ ಆಗಿದೆ. ವಿದೇಶದ್ದು, ಹಳೆಯದು, ಒರಿಜಿನಲ್ ಈ ಮೂರೂ ಬೇರೆ ಬೇರೆ. ಕೇಳಬೇಕಾದ ಪ್ರಶ್ನೆ ಒಂದೇ: ಈ ವರ್ಷ, ಈ ಕಾರ್ಖಾನೆಯಿಂದ ಹೊರಟ ಈ ಗಾಡಿಯ ಮೇಲೆ ಈ ಪಾರ್ಟ್ ಇರಲು ಸಾಧ್ಯವಿತ್ತೇ?

ಅಂಗಡಿಗೆ ಹೊರಡುವ ಮೊದಲು

ಗಾಡಿಯ ಪಾರ್ಟ್ಸ್ ಕ್ಯಾಟಲಾಗ್ ಹುಡುಕಿಕೊಳ್ಳಿ, ಪಿಡಿಎಫ್ ಆದರೂ ಸಾಕು. ಅದರಿಂದ ನಂಬರ್ ಬರೆದುಕೊಳ್ಳುವಾಗ ಒಂದು ಎಚ್ಚರ ಬೇಕು. ಕ್ಯಾಟಲಾಗಿನ ಪಾರ್ಟ್ ನಂಬರ್ ಬೇರೆ, ಲೋಹದ ಮೇಲೆ ಉಬ್ಬಿಕೊಂಡಿರುವ ಕಾಸ್ಟಿಂಗ್ ನಂಬರ್ ಬೇರೆ. ಒಂದೇ ಎರಕದ ತುಂಡನ್ನು ಎರಡು ಮೂರು ರೀತಿ ಮಷೀನ್ ಮಾಡಿ ಬೇರೆ ಬೇರೆ ಮಾಡೆಲಿಗೆ ಹಾಕುತ್ತಿದ್ದರು. ಆಗ ಕಾಸ್ಟಿಂಗ್ ನಂಬರ್ ಒಂದೇ ಇದ್ದು ಪಾರ್ಟ್ ನಂಬರ್ ಮಾತ್ರ ಬದಲಾಗುತ್ತಿತ್ತು. ಇವೆರಡನ್ನೂ ಗೊಂದಲ ಮಾಡಿಕೊಂಡು ಒಳ್ಳೆಯ ಪಾರ್ಟನ್ನು "ಡೂಪ್ಲಿಕೇಟ್" ಎಂದು ಬಿಟ್ಟು ಬರುವವರು ಬಹಳ ಮಂದಿ. ಇನ್ನೊಂದು ವಿಷಯ, ಕಂಪನಿಗಳು ನಂಬರ್ ಬದಲಿಸುತ್ತಲೇ ಇರುತ್ತವೆ. ಹಳೇ ನಂಬರ್, ಅದರ ಜಾಗಕ್ಕೆ ಬಂದ ಹೊಸ ನಂಬರ್ ಎರಡನ್ನೂ ಬರೆದಿಟ್ಟುಕೊಳ್ಳಿ. ಹೊಸ ನಂಬರಿನದು ಸಿಕ್ಕರೆ ಅದು ಅಸಲಿಯೇ, ಆದರೆ ಗಾಡಿಯ ಜೊತೆ ಬಂದದ್ದಲ್ಲ, ಆಮೇಲೆ ಸರ್ವಿಸಿಗೆಂದು ಮಾಡಿದ್ದು.

ಕೈಚೀಲದಲ್ಲಿ ಇರಬೇಕಾದ ಸಾಮಾನು ಹೆಚ್ಚೇನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ವಾಚ್ ರಿಪೇರಿಯವರು ಕಣ್ಣಿಗಿಡುವಂಥ ಲೆನ್ಸ್, ವರ್ನಿಯರ್, ಇಂಚು ಮತ್ತು ಮಿಲಿಮೀಟರ್ ಎರಡೂ ಇರುವ ಥ್ರೆಡ್ ಗೇಜ್, ದಾರಕ್ಕೆ ಕಟ್ಟಿದ ಸಣ್ಣ ಅಯಸ್ಕಾಂತ, ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ, ಬಿಳಿ ಕಾಗದ, ಮೆತ್ತನೆಯ ಪೆನ್ಸಿಲ್, ಟಾರ್ಚ್. ಎಸ್‌ಪಿ ರಸ್ತೆಯಲ್ಲಿ ನೋಟು ಪರೀಕ್ಷಿಸುವ ಯುವಿ ಟಾರ್ಚ್ ಸಿಗುತ್ತದೆ, ಅದನ್ನೂ ಒಂದು ಇಟ್ಟುಕೊಳ್ಳಿ. ಶಿವಾಜಿನಗರದ ಗುಜರಿ ಅಂಗಡಿಗಳಿಗಾಗಲಿ ಭಾನುವಾರದ ಸಂಡೇ ಬಜಾರಿಗಾಗಲಿ ಬೆಳಕಿರುವಾಗಲೇ ಹೋಗಬೇಕು. ಹಳದಿ ಬಲ್ಬಿನ ಕೆಳಗೆ ನಿಕ್ಕಲ್ ಯಾವುದು, ಕ್ರೋಮ್ ಯಾವುದು ಗೊತ್ತಾಗುವುದಿಲ್ಲ.

ಪಾರ್ಟ್ ಕೈಗೆ ಬಂದ ಮೇಲೆ ಓದಿ ಮುಗಿಸುವ ತನಕ ಉಜ್ಜಬೇಡಿ. ಸೀಮೆಎಣ್ಣೆಯಲ್ಲಿ ಅದ್ದುವುದು, ವೈರ್ ಬ್ರಷ್ ಹಾಕುವುದು, ಬಫಿಂಗಿಗೆ ಕೊಡುವುದು ಎಲ್ಲ ಆಮೇಲೆ. ಕಾರ್ಖಾನೆಯ ಇನ್‌ಸ್ಪೆಕ್ಟರ್ ಹಚ್ಚಿದ ಬಣ್ಣದ ಚುಕ್ಕೆ, ಶಾಯಿಯ ಮುದ್ರೆ, ವಾಷರ್ ಕೂತ ಗುರುತು ಒಂದು ನಿಮಿಷದ ಬ್ರಷ್ಷಿಗೆ ಅಳಿಸಿಹೋಗುತ್ತವೆ. ನಂಬರ್ ಮಸುಕಾಗಿದ್ದರೆ ಮೇಲೆ ಕಾಗದ ಇಟ್ಟು ಪೆನ್ಸಿಲನ್ನು ಓರೆಯಾಗಿ ಉಜ್ಜಿ, ಅಕ್ಷರ ಕಾಗದದ ಮೇಲೆ ಎದ್ದು ಬರುತ್ತದೆ.

ಒಂದು ಕಟೌಟನ್ನು ಕೈಯಲ್ಲಿಟ್ಟುಕೊಂಡು

ಲ್ಯೂಕಾಸ್ ಆರ್‌ಬಿ 106 ವೋಲ್ಟೇಜ್ ರೆಗ್ಯುಲೇಟರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1950-60ರ ದಶಕದ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಇದು ಸರ್ವೇಸಾಮಾನ್ಯ. ನಮ್ಮ ಎಲೆಕ್ಟ್ರಿಷಿಯನ್ನರು ಕಟೌಟ್ ಅನ್ನುವುದು ಇದನ್ನೇ. ಇದರ ನಕಲೂ ಅಷ್ಟೇ ಹೇರಳ.

ಮೊದಲು ಸ್ಕ್ರೂ ಹಾಕುವ ಕಿವಿಗಳನ್ನು ನೋಡಿ. ಅಲ್ಲಿ 37ರಿಂದ ಶುರುವಾಗುವ ಐದಂಕಿಯ ನಂಬರ್, ಪಕ್ಕದಲ್ಲಿ ತಾರೀಖು ಇರಬೇಕು. ಲ್ಯೂಕಾಸ್ ಡೈನಮೋಗಳ ನಂಬರ್ 22ರಿಂದ, ಡಿಸ್ಟ್ರಿಬ್ಯೂಟರುಗಳದು 40ರಿಂದ ಶುರುವಾಗುತ್ತದೆ. ತಾರೀಖು ಹಳೇ ಪಾರ್ಟುಗಳಲ್ಲಿ ತಿಂಗಳು ಮತ್ತು ವರ್ಷ, ಉದಾಹರಣೆಗೆ 6 58. ಆಮೇಲಿನವುಗಳಲ್ಲಿ ವಾರ ಮತ್ತು ವರ್ಷ, ಉದಾಹರಣೆಗೆ 25 65. ಮೊದಲ ಸಂಖ್ಯೆ ಹನ್ನೆರಡಕ್ಕಿಂತ ಹೆಚ್ಚಿದ್ದರೆ ಅದು ವಾರವೇ.

ಈಗ ಲೆನ್ಸ್ ಹಿಡಿದು ಅಂಕಿಗಳ ಅಂಚು ನೋಡಿ. ಉಕ್ಕಿನ ಪಂಚಿನಿಂದ ಹೊಡೆದ ಅಂಕಿಯ ಸುತ್ತ ಲೋಹ ತುಸು ಉಬ್ಬಿ ನಿಂತಿರುತ್ತದೆ. ಆಳ ಒಂದೇ ಸಮ ಇರುವುದಿಲ್ಲ, ಒಂದು ಅಂಕಿ ಸ್ವಲ್ಪ ವಾಲಿರಲೂಬಹುದು. ಅಂಕಿಗಳು ಸಾಲಾಗಿ ಕೂತ ಚಿಕ್ಕ ಚುಕ್ಕೆಗಳಿಂದ ಆಗಿದ್ದರೆ, ಅಥವಾ ಸುಟ್ಟ ಕಂದು ಗೆರೆಯಂತೆ ಮೇಲೆ ಮೇಲೆ ಇದ್ದರೆ ಅದು ಕಂಪ್ಯೂಟರ್ ಕಾಲದ ಯಂತ್ರದ ಕೆಲಸ. 1960ರ ಪಾರ್ಟಿನ ಮೇಲೆ ಅದು ಬರಲು ಸಾಧ್ಯವಿಲ್ಲ.

ಕವರ್ ಬೇಕಲೈಟಿನದೋ ಪ್ಲಾಸ್ಟಿಕ್ಕಿನದೋ ನೋಡಬೇಕು. ಒಳಬದಿಯನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಜೋರಾಗಿ ಉಜ್ಜಿ ಮೂಸಿ. ಬೇಕಲೈಟ್ ಆದರೆ ಆಸ್ಪತ್ರೆಯ ಫಿನಾಯಿಲ್ ನೆನಪಿಸುವ ವಾಸನೆ ಬರುತ್ತದೆ. ಬೇಕಲೈಟ್ ಮುರಿದರೆ ಪಿಂಗಾಣಿಯಂತೆ ಮುರಿಯುತ್ತದೆ, ಬಾಗುವುದಿಲ್ಲ. ಕಾದ ಸೂಜಿ ಚುಚ್ಚಿ ನೋಡುವ ಅಭ್ಯಾಸ ಕೆಲವರಿಗಿದೆ. ಒಳ್ಳೆಯ ಕವರ್ ಹಾಳುಮಾಡಲು ಅದಕ್ಕಿಂತ ಸುಲಭ ದಾರಿ ಇಲ್ಲ.

ಕೊನೆಗೆ ಕವರ್ ಬಿಚ್ಚಿ. ಒಳಗೆ ತಾಮ್ರದ ತಂತಿ ಸುತ್ತಿದ ಎರಡು ಬಾಬಿನ್ ಇರಬೇಕು, ಒಂದು ಕಟೌಟ್, ಇನ್ನೊಂದು ರೆಗ್ಯುಲೇಟರ್. ಮೂರು ಬಾಬಿನ್ ಇದ್ದರೆ ಅದು ಆರ್‌ಬಿ 340, ಬೇರೆ ಮಾಡೆಲ್. ಹಸಿರು ಸರ್ಕ್ಯೂಟ್ ಬೋರ್ಡ್ ಕಂಡರೆ ಇತ್ತೀಚಿನ ಎಲೆಕ್ಟ್ರಾನಿಕ್ ಸರಕು. ದಿನಾ ಓಡಿಸುವ ಗಾಡಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಒರಿಜಿನಲ್ ಬೆಲೆ ಕೊಡಬೇಡಿ. ಹಳೇ ಕವರ್ ಕೆಳಗೆ ಹೊಸ ಹೊಟ್ಟೆ, ಹೊಸ ಕವರ್ ಕೆಳಗೆ ಹಳೇ ಹೊಟ್ಟೆ ಎರಡೂ ಮಾರುಕಟ್ಟೆಯಲ್ಲಿವೆ. ಅದಕ್ಕೇ ಬಿಚ್ಚಲು ಬಿಡದವರ ಹತ್ತಿರ ಕೊಳ್ಳಬಾರದು.

ತಾರೀಖು ಗಾಡಿಗೆ ಹೊಂದಬೇಕು

ಪಾರ್ಟಿನ ತಾರೀಖು ಗಾಡಿ ಜೋಡಣೆಯಾದ ತಾರೀಖಿಗಿಂತ ಹಿಂದಿನದಾಗಿರಬೇಕು. ಕೆಲವು ವಾರ, ಕೆಲವು ತಿಂಗಳ ಅಂತರ ಸಹಜ. ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾದ ಗಾಡಿಗಳಲ್ಲಿ ಈ ಅಂತರ ಇನ್ನೂ ಹೆಚ್ಚಿರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಆದರೆ ಪಾರ್ಟಿನ ತಾರೀಖು ಗಾಡಿಗಿಂತ ಒಂದೇ ತಿಂಗಳು ಮುಂದಿದ್ದರೂ ಅದು ಆಮೇಲೆ ಹಾಕಿದ್ದೇ. ಗಾಡಿ ತಯಾರಾದ ವರ್ಷವನ್ನೂ ಆರ್‌ಸಿಯಲ್ಲಿ ನೋಂದಣಿಯಾದ ವರ್ಷವನ್ನೂ ಒಂದೇ ಎಂದುಕೊಳ್ಳಬೇಡಿ. ಬುಕ್ಕಿಂಗ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು.

ಅಮೆರಿಕದ ಜನರಲ್ ಮೋಟರ್ಸ್ ಗಾಡಿಗಳ ಎರಕದಲ್ಲಿ ತಾರೀಖು ಬೇರೆ ಥರ. ತಿಂಗಳಿಗೆ ಇಂಗ್ಲಿಷ್ ಅಕ್ಷರ (ಎ ಎಂದರೆ ಜನವರಿ, ಎಲ್ ಎಂದರೆ ಡಿಸೆಂಬರ್), ಆಮೇಲೆ ದಿನ, ಕೊನೆಗೆ ವರ್ಷದ ಕೊನೆಯ ಅಂಕಿ. ಸಿ 12 5 ಎಂದಿದ್ದರೆ ಮಾರ್ಚ್ 12. ವರ್ಷ 1955 ಆಗಿರಬಹುದು, 1965 ಕೂಡ ಆಗಿರಬಹುದು. ದಶಕವನ್ನು ಕಾಸ್ಟಿಂಗ್ ನಂಬರಿನಿಂದ ಹೊಂದಿಸಿಕೊಳ್ಳಬೇಕು.

ಬ್ಯಾಡ್ಜು, ಹಿಡಿ, ಕ್ರೋಮ್

ನಕಲು ಅತಿ ಹೆಚ್ಚು ಇರುವುದು ಇಲ್ಲೇ, ಸಿಕ್ಕಿಬೀಳುವುದೂ ಇಲ್ಲೇ. ಹೆಚ್ಚಿನ ನಕಲಿ ಬ್ಯಾಡ್ಜುಗಳನ್ನು ಅಸಲಿ ಬ್ಯಾಡ್ಜನ್ನೇ ಮರಳಿನಲ್ಲಿ ಒತ್ತಿ, ಆ ಗುಂಡಿಗೆ ಹಿತ್ತಾಳೆ ಹೊಯ್ದು ಮಾಡುತ್ತಾರೆ. ಕರಗಿದ ಹಿತ್ತಾಳೆ ಆರುವಾಗ ಸುಮಾರು ಶೇ. 1.5ರಷ್ಟು ಕುಗ್ಗುತ್ತದೆ. ಅಲ್ಯೂಮಿನಿಯಂ ಶೇ. 1.3ರಷ್ಟು. ಪ್ಯಾಟರ್ನ್ ಮಾಡುವವರು ಈ ಕುಗ್ಗುವಿಕೆಗೆ ಮೊದಲೇ ಅಳತೆ ಹೆಚ್ಚಿಸಿಕೊಳ್ಳುತ್ತಾರೆ. ಆದರೆ ಅಸಲಿಯನ್ನೇ ಪ್ಯಾಟರ್ನ್ ಮಾಡಿಕೊಂಡವನಿಗೆ ಆ ಅವಕಾಶವಿಲ್ಲ. ಹಾಗಾಗಿ 150 ಮಿ.ಮೀ. ಉದ್ದದ ಅಸಲಿ ಬ್ಯಾಡ್ಜಿನ ನಕಲು 148 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ವರ್ನಿಯರಿನಲ್ಲಿ ಎರಡು ಮಿ.ಮೀ. ಬಚ್ಚಿಟ್ಟುಕೊಳ್ಳಲಾರದು. ಗಾಡಿಯ ಮೇಲೂ ಗೊತ್ತಾಗುತ್ತದೆ: ಬ್ಯಾಡ್ಜಿನ ಹಿಂದಿನ ಎರಡು ಕಡ್ಡಿಗಳು ಬಾನೆಟ್ಟಿನ ತೂತಿಗೆ ಸರಿಯಾಗಿ ಕೂರುವುದಿಲ್ಲ, ಗ್ಯಾರೇಜಿನವರು ತೂತನ್ನು ಫೈಲ್ ಹಾಕಿ ಅಗಲ ಮಾಡುತ್ತಾರೆ. ಉದ್ದನೆಯಾದ ತೂತು ಕಂಡರೆ ಅಲ್ಲಿ ಹಿಂದೊಮ್ಮೆ ನಕಲು ಕೂತಿತ್ತು ಎಂದು ತಿಳಿಯಬಹುದು.

ಅಳತೆಗೆ ಅಸಲಿ ಸಿಗದಿದ್ದರೆ ಬೆನ್ನು ತಿರುಗಿಸಿ. ಒತ್ತಡದ ಅಚ್ಚಿನಲ್ಲಿ ಎರಕವಾದ ಅಸಲಿಯ ಬೆನ್ನು ನಯವಾಗಿರುತ್ತದೆ, ಅಚ್ಚಿನಿಂದ ತಳ್ಳಿದ ಪಿನ್ನಿನ ದುಂಡು ಗುರುತುಗಳಿರುತ್ತವೆ, ಸಾಮಾನ್ಯವಾಗಿ ನಂಬರೂ ಇರುತ್ತದೆ. ಮರಳಿನ ಎರಕದ ಬೆನ್ನು ರವೆಯಂತೆ ತರಿತರಿ, ಮೇಲೆ ಗ್ರೈಂಡರ್ ಗೀರು. ಮುಂಭಾಗದಲ್ಲಿ ಅಕ್ಷರಗಳ ಒಳಮೂಲೆ ನೋಡಿ. ಅಸಲಿಯಲ್ಲಿ ಮೂಲೆ ಮೂಲೆಯಾಗಿಯೇ ಇರುತ್ತದೆ, ನಕಲಿನಲ್ಲಿ ಸೋಪಿನ ಮೇಲಿನ ಹೆಸರಿನಂತೆ ಕರಗಿದ ಹಾಗಿರುತ್ತದೆ.

ಬಾಗಿಲ ಹಿಡಿಗಳಿಗೆ ತಕ್ಕಡಿ ಬಳಸಿ. ಆ ಕಾಲದ ಹಿಡಿಗಳು ಬಹುತೇಕ ಮಝಾಕ್ ಎಂಬ ಸತುವಿನ ಮಿಶ್ರಲೋಹದವು, ಅದರ ಸಾಂದ್ರತೆ ಸುಮಾರು 6.7. ಹಿತ್ತಾಳೆಯದು 8.5, ಅಲ್ಯೂಮಿನಿಯಂನದು 2.7. ಮಝಾಕಿನಲ್ಲಿ 200 ಗ್ರಾಂ ತೂಗುವ ಹಿಡಿ ಅಲ್ಯೂಮಿನಿಯಂನಲ್ಲಿ 80 ಗ್ರಾಂ ಮಾತ್ರ. ಅಯಸ್ಕಾಂತ ಈ ಮೂರಕ್ಕೂ ಅಂಟುವುದಿಲ್ಲ, ಅಂಟಿದರೆ ಒಳಗಿರುವುದು ಕಬ್ಬಿಣ. ಮಝಾಕ್ ವಯಸ್ಸಾದಂತೆ ಒಳಗಿನಿಂದಲೇ ಗುಳ್ಳೆ ಏಳುತ್ತದೆ, ಕ್ರೋಮ್ ಮೇಲೆ ಸಾಸಿವೆಯಷ್ಟು ಬೊಕ್ಕೆಗಳು. ಅದು ಅಸಲಿತನಕ್ಕೆ ಬಲವಾದ ಸಾಕ್ಷಿ, ಆದರೆ ರಿಪೇರಿ ಕಷ್ಟ. ಸಾಧಾರಣ ಪ್ಲೇಟಿಂಗ್ ಅಂಗಡಿಯಲ್ಲಿ ಬೊಕ್ಕೆ ಹೋಗಲೆಂದು ಬಫ್ ಮಾಡುತ್ತಾ ಮಾಡುತ್ತಾ ಅಕ್ಷರವನ್ನೇ ಸವೆಸಿಬಿಡುತ್ತಾರೆ.

ಬಣ್ಣದ ಬ್ಯಾಡ್ಜುಗಳಲ್ಲಿ ಅಸಲಿ ಎನಾಮಲ್ ಎಂದರೆ ಕುಲುಮೆಯಲ್ಲಿ ಕರಗಿಸಿದ ಗಾಜು. ಹಲ್ಲಿಗೆ ತಾಗಿಸಿದರೆ ತಣ್ಣಗೆ, ಟಿಕ್ ಎನ್ನುತ್ತದೆ. ಚಕ್ಕೆ ಎದ್ದರೆ ಕಪ್ಪೆಚಿಪ್ಪಿನ ಆಕಾರದಲ್ಲಿ ಏಳುತ್ತದೆ. ನಕಲಿನಲ್ಲಿ ಇರುವುದು ರಾಳದ ಬಣ್ಣ. ಅಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ, ಸೂಜಿಯ ಮೊನೆ ಒತ್ತಿದರೆ ಇಳಿಯುತ್ತದೆ. ಗಾಜಿನ ಮೇಲೆ ಜಾರುತ್ತದೆ.

ಬ್ಯಾಡ್ಜ್ ಅಸಲಿಯಾದರೂ ಗಾಡಿಗೆ ತಪ್ಪಾಗಿರಬಹುದು. ಪ್ರೀಮಿಯರ್ ಕಂಪನಿಯ ಗಾಡಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. 1968ರ ಗಾಡಿ ಫಿಯಟ್ 1100, ಅದರ ಮೇಲೆ ಪದ್ಮಿನಿ ಎಂದು ಬರೆದಿದ್ದರೆ ಡಿಕ್ಕಿಯನ್ನೇ ಬೇರೆ ಗಾಡಿಯಿಂದ ತಂದಿರಬಹುದು.

ದೀಪ, ಗಾಜು

ದೀಪದ ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ ಮತ್ತು ಒಂದು ಅಂಕಿ ಇದ್ದರೆ ನಿಂತು ನೋಡಿ. ಈ ಗುರುತು 1958ರ ಅಂತರರಾಷ್ಟ್ರೀಯ ಒಪ್ಪಂದದಿಂದ ಬಂದದ್ದು, ಇ 1 ಜರ್ಮನಿ, ಇ 2 ಫ್ರಾನ್ಸ್, ಇ 3 ಇಟಲಿ. 1954ರ ಗಾಡಿಯ ಲೈಟು ಎಂದು ಕೊಟ್ಟದ್ದರಲ್ಲಿ ಇದು ಕಂಡರೆ ಅಲ್ಲಿಗೆ ಮಾತು ಮುಗಿಯಿತು. ಇಟಲಿಯಲ್ಲೇ ಮಾಡಿದ ಹಳೇ ಫಿಯಟ್ ಲೈಟುಗಳ ಮೇಲೆ ಐಜಿಎಂ ಎಂದು ಶುರುವಾಗುವ ಸರ್ಕಾರಿ ಒಪ್ಪಿಗೆಯ ನಂಬರ್, ಜೊತೆಗೆ ಕಾರೆಲ್ಲೋದಂಥ ತಯಾರಕರ ಹೆಸರು ಇರುತ್ತದೆ. ನಕಲು ಮಾಡುವವರು ಗೆರೆಗಳ ವಿನ್ಯಾಸವನ್ನು ಚೆನ್ನಾಗಿಯೇ ಎತ್ತುತ್ತಾರೆ, ಹೆಸರನ್ನು ಮಾತ್ರ ಬಿಟ್ಟುಬಿಡುತ್ತಾರೆ. ಹೆಸರಿದ್ದ ಜಾಗ ಬೋಳಾಗಿ, ನಯವಾದ ಪಟ್ಟಿಯಂತೆ ಉಳಿದಿರುತ್ತದೆ.

ಬ್ರಿಟಿಷ್ ಟ್ರಿಪ್ಲೆಕ್ಸ್ ಗಾಜಿನಲ್ಲಿ ತಾರೀಖು ಚುಕ್ಕೆಯಲ್ಲಿ ಅಡಗಿದೆ. ಇಂಗ್ಲಿಷಿನ ಲ್ಯಾಮಿನೇಟೆಡ್, ಟಫನ್ಡ್ ಎರಡೂ ಒಂಬತ್ತು ಅಕ್ಷರದ ಪದಗಳು. ಎಷ್ಟನೇ ಅಕ್ಷರಕ್ಕೆ ಚುಕ್ಕೆ ಇದೆಯೋ ಅದೇ ವರ್ಷದ ಕೊನೆಯ ಅಂಕಿ, ಚುಕ್ಕೆ ಇಲ್ಲದಿದ್ದರೆ ಸೊನ್ನೆ. ಎಲ್ಲಾ ಕಿಟಕಿಗಳ ಚುಕ್ಕೆ ಒಂದೇ ಕಡೆ ಇದ್ದು ಒಂದರದು ಮಾತ್ರ ಬೇರೆ ಇದ್ದರೆ ಆ ಗಾಜು ಎಂದೋ ಒಡೆದು ಬದಲಾಗಿದೆ.

ನಟ್ಟು ಬೋಲ್ಟು ಸುಳ್ಳು ಹೇಳುವುದಿಲ್ಲ

ಎರಡನೇ ಮಹಾಯುದ್ಧದ ನಂತರದ ಬ್ರಿಟಿಷ್ ವಿನ್ಯಾಸದ ಗಾಡಿಗಳಲ್ಲಿ ಕ್ರಮೇಣ ಇಂಚು ಅಳತೆಯ ಯುಎನ್‌ಎಫ್ ಥ್ರೆಡ್ ಬಂತು. ಅದಕ್ಕೂ ಹಿಂದಿನವುಗಳಲ್ಲಿ ಇನ್ನೊಂದು ಇಂಚು ಥ್ರೆಡ್ಡಾದ ಬಿಎಸ್‌ಎಫ್. ಫಿಯಟ್, ಬೆನ್ಜ್, ಫೋಕ್ಸ್‌ವ್ಯಾಗನ್ ಎಲ್ಲ ಮೆಟ್ರಿಕ್. ಈಗ ಇಲ್ಲಿ ಪಾರ್ಟ್ ಮಾಡುವ ಸಣ್ಣ ವರ್ಕ್‌ಶಾಪುಗಳಲ್ಲಿ ಕೈಗೆ ಸಿಗುವುದು ಮೆಟ್ರಿಕ್ ಟ್ಯಾಪು ಮಾತ್ರ. ಹಾಗಾಗಿ ಬ್ರಿಟಿಷ್ ಪಾರ್ಟಿನ ನಕಲು ಸಾಮಾನ್ಯವಾಗಿ ಥ್ರೆಡ್ಡಿನಲ್ಲೇ ಬಯಲಾಗುತ್ತದೆ. 5/16 ಯುಎನ್‌ಎಫ್ ಬೋಲ್ಟಿನ ವ್ಯಾಸ 7.94 ಮಿ.ಮೀ., ಮೆಟ್ರಿಕ್ಕಿನ ಎಂ 8 ಬೋಲ್ಟಿನದು 8. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲನೆಯದಕ್ಕೆ ಇಂಚಿಗೆ 24 ಸುತ್ತು, ಎರಡನೆಯದಕ್ಕೆ 20ರ ಹತ್ತಿರ. ಒಂದಕ್ಕೊಂದು ಹಾಕಿದರೆ ಎರಡು ಸುತ್ತು ಹೋಗಿ ಬಿಗಿಯುತ್ತದೆ. ಅಲ್ಲಿಂದ ಸ್ಪ್ಯಾನರಿನಲ್ಲಿ ಒತ್ತಾಯ ಮಾಡಿದರೆ ಥ್ರೆಡ್ ಕಿತ್ತುಹೋಗುತ್ತದೆ. ತಲೆಯ ಅಳತೆಯೂ ಹೇಳುತ್ತದೆ: ಯುಎನ್‌ಎಫ್‌ನದು ಅರ್ಧ ಇಂಚು, ಅಂದರೆ 12.7 ಮಿ.ಮೀ., ಎಂ 8ರದು ಸಾಮಾನ್ಯವಾಗಿ 13. ಬೋಲ್ಟಿನ ತಲೆಯ ಮೇಲಿನ ಜಿಕೆಡಬ್ಲ್ಯು, ಟಿವಿಎಸ್‌ನಂಥ ತಯಾರಕರ ಅಕ್ಷರಗಳನ್ನೂ ಗಮನಿಸಿ. ಗಾಡಿಯ ಜೊತೆ ಬಂದ ಬೋಲ್ಟುಗಳನ್ನು ಎಸೆದು ಸ್ಟೀಲ್ ಅಲನ್ ಬೋಲ್ಟು ಹಾಕಿಸುವುದು ಒಳ್ಳೆಯದಲ್ಲ.

ತಗಡಿನ ಕೆಲಸದ ಬಗ್ಗೆ ಇಷ್ಟು ಸಾಕು: ಪ್ರೆಸ್ಸಿನಲ್ಲಿ ಒತ್ತಿದ ಅಸಲಿ ಮಡ್ಗಾರ್ಡಿನ ಒಳಬದಿ ಸಮವಾಗಿರುತ್ತದೆ, ಅಂಚಿನಲ್ಲಿ ಐದಾರು ಮಿ.ಮೀ. ಅಗಲದ ಸ್ಪಾಟ್ ವೆಲ್ಡ್ ಚುಕ್ಕೆಗಳು ಸಾಲಾಗಿರುತ್ತವೆ. ಟಿಂಕರ್ ಮಾಡಿದ್ದರಲ್ಲಿ ಒಳಗೆ ಸುತ್ತಿಗೆಯ ಗುರುತು, ಗ್ಯಾಸ್ ವೆಲ್ಡಿನ ಗೆರೆ. ಅಯಸ್ಕಾಂತ ಹಿಡಿಯದ ಕಡೆ ಒಳಗಿರುವುದು ಪುಟ್ಟಿ.

ಪೆಟ್ಟಿಗೆಯನ್ನೂ ಓದಿ

ಹಳೇ ಸ್ಟಾಕ್ ಎಂದು ಪೆಟ್ಟಿಗೆ ಸಮೇತ ಬಂದರೆ ವಿಳಾಸ ನೋಡಿ. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೂ ಮೊದಲು ಬಾಂಬೆ-4, ಬ್ಯಾಂಗಲೋರ್-2 ಎಂದು ಒಂದೋ ಎರಡೋ ಅಂಕಿ ಅಷ್ಟೇ. ಮುಂಬೈ ಎಂದಿದ್ದರೆ 1995ರ ನಂತರದ್ದು, ಚೆನ್ನೈ ಆದರೆ 1996ರ ನಂತರದ್ದು. ಇಂಗ್ಲಿಷಿನಲ್ಲಿ ಬೆಂಗಳೂರು ಎಂದೇ ಬರೆದಿದ್ದರೆ ಬಹುತೇಕ 2014ರ ನಂತರದ್ದು. ಬೆಲೆ ಆಣೆಯಲ್ಲಿದ್ದರೆ ಅದು 1957ಕ್ಕಿಂತ ಹಿಂದಿನ ಲೆಕ್ಕ. ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರಿಗಿಂತ ಮೊದಲಿನ ಮುದ್ರಣ. ಮೈಕೋ ಹೆಸರಿನ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಬಾಷ್ ಲಿಮಿಟೆಡ್ ಎಂಬ ಹೆಸರಿರುವ ಪ್ಲಗ್ ಪೆಟ್ಟಿಗೆ ಎಷ್ಟೇ ಮಾಸಿದ್ದರೂ ಹಳೆಯದಲ್ಲ. ಪ್ಲಗ್ಗಿನ ಮೇಲೆಯೂ ಗುರುತಿದೆ: ಡಬ್ಲ್ಯು 145, ಡಬ್ಲ್ಯು 175 ಎಂದು ಮೂರಂಕಿ ಇದ್ದರೆ ಹಳೇ ಸಂಕೇತ, ಒಂದೇ ಅಂಕಿ ಇದ್ದರೆ ಆಮೇಲಿನದು. ಮೂರಂಕಿಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಪ್ಲಗ್ ತಣ್ಣನೆಯದು (ಶಾಖವನ್ನು ಬೇಗ ಬಿಟ್ಟುಕೊಡುವಂಥದು), ಹೊಸ ಸಂಕೇತದಲ್ಲಿ ಇದು ತಿರುಗುಮುರುಗು. ಲೆಕ್ಕ ತಪ್ಪಿದರೆ ಪ್ಲಗ್ ಕಪ್ಪಾಗುತ್ತದೆ, ಇಲ್ಲವೇ ಎಂಜಿನ್ ನಾಕ್ ಹೊಡೆಯುತ್ತದೆ.

ಯುವಿ ಟಾರ್ಚ್ ಬಿಟ್ಟಾಗ ಕಾಗದ ಬಿಳಿ ಪಂಚೆಗೆ ನೀಲಿ ಹಾಕಿದಂತೆ ಹೊಳೆದರೆ ಅದರಲ್ಲಿ ಹೊಳಪಿನ ರಾಸಾಯನಿಕ ಸೇರಿದೆ. ಯುದ್ಧಕ್ಕೂ ಹಿಂದಿನ ಪೆಟ್ಟಿಗೆ ಎಂದವನ ಮಾತು ಅಲ್ಲೇ ಬೀಳುತ್ತದೆ. ಪೆಟ್ಟಿಗೆ ಅಸಲಿಯಾದರೂ ಒಳಗಿನದು ಹೊಸದಿರಬಹುದು, ಖಾಲಿ ಹಳೇ ಪೆಟ್ಟಿಗೆಗಳಿಗೂ ಗಿರಾಕಿಗಳಿದ್ದಾರೆ. ವರ್ಷಗಟ್ಟಲೆ ಒಳಗಿದ್ದ ಪಾರ್ಟಿನ ಎಣ್ಣೆ ಕಾಗದಕ್ಕೆ ಇಳಿದು ಅದೇ ಆಕಾರದ ಕಲೆ ಮಾಡಿರುತ್ತದೆ, ಅದನ್ನು ಹುಡುಕಿ.

ತುಕ್ಕು ಹಚ್ಚಿ ಹಳೆಯದು ಮಾಡುವ ಕಲೆಯೂ ಇದೆ. ಆಸಿಡ್ಡಿನಲ್ಲಿ ಅದ್ದಿದ್ದು ಎಲ್ಲಾ ಕಡೆ ಒಂದೇ ಸಮ ಕಿತ್ತಳೆ ಬಣ್ಣ, ಥ್ರೆಡ್ಡಿನ ಆಳದಲ್ಲೂ ಅಷ್ಟೇ. ನಿಜವಾಗಿ ಗಾಡಿಯ ಮೇಲಿದ್ದದ್ದರಲ್ಲಿ ವಾಷರ್ ಕೆಳಗೆ ಶುದ್ಧ ಲೋಹದ ಬಳೆ, ನಟ್ ಕೂತ ಥ್ರೆಡ್ ಹೊಳಪು, ಹೊರಗಿದ್ದ ಥ್ರೆಡ್ ಕಪ್ಪು. ಬೆಂಗಳೂರಿನಲ್ಲೇ ಓಡಿದ ಗಾಡಿಯ ತುಕ್ಕು ಒಣ, ಕಂದು. ಮಂಗಳೂರು ಕಡೆಯ ಗಾಡಿಯದು ಪದರಪದರವಾಗಿ ಏಳುತ್ತದೆ. ಊರಿನ ಕಥೆಗೂ ತುಕ್ಕಿಗೂ ತಾಳೆಯಾಗದಿದ್ದರೆ ಮತ್ತೊಮ್ಮೆ ಕೇಳಿ.

ಒರಿಜಿನಲ್ ಹಾಕಲೇಬಾರದ ಕಡೆ

ಬ್ರೇಕಿನ ರಬ್ಬರ್ ಕಪ್ಪುಗಳು, ಹೋಸು, ಟೈರು. ಇವು ಪೆಟ್ಟಿಗೆಯಲ್ಲೇ ಕೂತು ಐವತ್ತು ವರ್ಷ ಆಗಿದ್ದರೆ ಬಳಸಲೇಬೇಡಿ. ಕೈಯಲ್ಲಿ ಮೆತ್ತಗೆ ಕಂಡ ಕಪ್ಪು ಮೊದಲ ಜೋರು ಬ್ರೇಕಿಗೆ ಸೀಳಬಹುದು. ಮಾಸ್ಟರ್ ಸಿಲಿಂಡರ್ ದೇಹ ಅಸಲಿಯದೇ ಇರಲಿ, ಒಳಗಿನ ರಬ್ಬರ್ ಹೊಸದಾಗಲಿ. ಕಾರ್ಬ್ಯುರೇಟರ್ ಕಿಟ್ ಕೂಡ ಹೊಸದೇ ಬೇಕು, ಇಂದಿನ ಎಥನಾಲ್ ಸೇರಿದ ಪೆಟ್ರೋಲನ್ನು ಹಳೇ ರಬ್ಬರ್ ತಾಳುವುದಿಲ್ಲ. ಆ ಕಾಲದ ಬ್ರೇಕ್ ಲೈನರ್, ಕ್ಲಚ್ ಪ್ಲೇಟುಗಳಲ್ಲಿ ಸಾಮಾನ್ಯವಾಗಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಉಜ್ಜಬೇಡಿ, ಏರ್ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಕಟ್ಟಿಡಿ.

ವ್ಯಾಪಾರದ ಹೊತ್ತಿಗೆ

"ಒರಿಜಿನಲ್ಲಾ?" ಎಂದು ಕೇಳಿದರೆ "ಹೂಂ ಸಾರ್, ಕಂಪನಿ ಐಟಂ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಯಾವ ಗಾಡಿಯಿಂದ ಬಿಚ್ಚಿದ್ದಣ್ಣ? ಅದೇ ಗಾಡಿದು ಇನ್ನೇನೇನು ಇದೆ?" ಎಂದು ಕೇಳಿ. ನಿಜವಾಗಿ ಗಾಡಿ ಬಿಚ್ಚಿದವನು ಒಳಗಿನಿಂದ ಇನ್ನೂ ನಾಲ್ಕು ಪಾರ್ಟ್ ತಂದು ಮುಂದಿಡುತ್ತಾನೆ. ಒಂದೇ ಥರದ ಹತ್ತು ತುಂಡು, ಹತ್ತಕ್ಕೂ ಒಂದೇ ಜಾಗದಲ್ಲಿ ಒಂದೇ ಗೀರು ಕಂಡರೆ ಎಲ್ಲವೂ ಒಂದೇ ಅಚ್ಚಿನ ಮಕ್ಕಳು. ನಕಲು ಕೊಳ್ಳುವುದು ತಪ್ಪಲ್ಲ, ನಕಲಿನ ಬೆಲೆಗೇ ಕೊಳ್ಳಿ. ಬಿಲ್ಲಿನಲ್ಲಿ ಹೊಸ ತಯಾರಿ ಎಂದೇ ಬರೆಸಿ. ಚಾಸಿ ನಂಬರ್ ಪ್ಲೇಟ್ ಮಾತ್ರ ಎಷ್ಟು ಚೆನ್ನಾಗಿದ್ದರೂ ಕೊಳ್ಳಬೇಡಿ, ನಂಬರ್ ಮತ್ತೆ ಹೊಡೆಸಬೇಡಿ. ಅದು ಅಪರಾಧ.

2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಬರುತ್ತದೆ. ಹೊಸ ನೋಂದಣಿಗೆ ನಿಗದಿಯಾದ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ಷರತ್ತು. ಹಾಗಾಗಿ ಯಾವ ಪಾರ್ಟ್ ಯಾವಾಗ ಬದಲಾಯಿತು ಎಂಬ ದಾಖಲೆ ಉಪಯೋಗಕ್ಕೆ ಬರುತ್ತದೆ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ತೆಗೆದ ಹಳೇ ಪಾರ್ಟ್ ಕೆಟ್ಟಿದ್ದರೂ ಎಸೆಯದೆ, ತೆಳುವಾಗಿ ಎಣ್ಣೆ ಹಚ್ಚಿ, ಬೆಣ್ಣೆ ಕಾಗದದಲ್ಲಿ ಸುತ್ತಿ, ತಾರೀಖು ಮತ್ತು ಗಾಡಿಯ ಕಿಲೋಮೀಟರ್ ಬರೆದ ಚೀಟಿ ತಂತಿಯಲ್ಲಿ ಕಟ್ಟಿ ಡಬ್ಬದಲ್ಲಿಡಿ. ಮುಂದೆ ಇನ್ನೊಂದು ಕೊಳ್ಳುವಾಗ ಪಕ್ಕದಲ್ಲಿಟ್ಟು ಅಳೆಯಲು ಅದಕ್ಕಿಂತ ಒಳ್ಳೆಯ ಮಾದರಿ ಸಿಗುವುದಿಲ್ಲ.